ಗಟ್ಟಿ ನೆಲವೆಂಬ ನೆಮ್ಮದಿ

ದೌಂಡದಿಂದ ನೈರುತ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 150 ಕಿಲೋಮೀಟರಿನಲ್ಲಿ ಕೊಯ್ನಾ. ಪೂರ್ವಕ್ಕೆ ಎಳೆದರೆ ಸುಮಾರು 200 ಕಿಲೋಮೀಟರಿನಲ್ಲಿ ಕಿಲ್ಲಾರಿ. ಒಂದು 1967ರಲ್ಲಿ ನಡುಗಿತು, ಇನ್ನೊಂದು 1993ರಲ್ಲಿ. ಇವೆರಡರ ನಡುವೆ ಭೀಮೆಯ ದಂಡೆಯ ಮೇಲೆ, ಹಳಿಗಳ ಗಂಟಿನಂತೆ ಕುಳಿತಿರುವ ಈ ಜಂಕ್ಷನ್ ಪಟ್ಟಣದಲ್ಲಿ ಭೂಕಂಪದ ಮಾತೆತ್ತಿದರೆ ದೊರೆಯುವ ಉತ್ತರ ಒಂದೇ: ಇದು ದಖ್ಖನ್ನಿನ ಕರಿಗಲ್ಲು, ಇಲ್ಲೇನೂ ಆಗುವುದಿಲ್ಲ. ಪುಣೆಯಲ್ಲೂ ಇದೇ ಉತ್ತರ, ಸೊಲ್ಲಾಪುರದಲ್ಲೂ ಇದೇ. ಇದೇ ಹಳಿಯ ಮೇಲೆ ವಾಡಿ, ಕಲಬುರಗಿಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಬಾಯಲ್ಲೂ ಇದೇ. ಅರಿಯದವರ ಬಾಯಲ್ಲಿ ಅದು ತಪ್ಪು ತಿಳಿವಳಿಕೆ. ಅರಿತವರ ಬಾಯಲ್ಲಿ, ಎಂದರೆ ಕಟ್ಟಡಕ್ಕೆ ಸಹಿ ಹಾಕುವವರ, ಪರವಾನಗಿ ಕೊಡುವವರ, ಮನೆ ಮಾರುವವರ ಬಾಯಲ್ಲಿ, ಅದು ಸುಳ್ಳು. ನನ್ನ ಜಗಳ ಈ ಎರಡನೆಯವರೊಡನೆ.

ಕರಿಗಲ್ಲಿನ ಕಥೆಯನ್ನೇ ಮೊದಲು ನೋಡೋಣ. ನಮ್ಮ ಕಾಲ ಕೆಳಗಿನ ಕರಿಗಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದು ಭೂಮಿಯ ಬುನಾದಿಯಲ್ಲ. ಬುನಾದಿಯ ಮೇಲೆ ಹಾಸಿದ ಹೊದಿಕೆ. ಕಿಲ್ಲಾರಿಯಲ್ಲಿ ಕಂಪನದ ನಂತರ ಕೊಳವೆ ಕೊರೆದು ನೋಡಿದಾಗ ಈ ಹೊದಿಕೆಯ ದಪ್ಪ ಸುಮಾರು 340 ಮೀಟರ್ ಮಾತ್ರ ಎಂದು ತಿಳಿಯಿತು. ಅದರಡಿಯಲ್ಲಿರುವುದು ಅದಕ್ಕಿಂತ ಎಷ್ಟೋ ಹಳೆಯ ಶಿಲೆ, ಆ ಶಿಲೆಯೊಳಗಿನ ಹಳೆಯ ಬಿರುಕುಗಳು. ಹೊದಿಕೆ ಬಿರುಕನ್ನು ಮುಚ್ಚಬಲ್ಲದು, ಬೆಸೆಯಲಾರದು. ಮೇಲಿನಿಂದ ನೋಡುವವನಿಗೆ ಬಿರುಕು ಕಾಣದಂತೆ ಮಾಡುವುದರಿಂದ ಈ ಕಲ್ಲು ನಮಗೆ ರಕ್ಷೆಯಾಗುವ ಬದಲು ಕಣ್ಕಟ್ಟಾಗಿದೆ.

1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರ ಕುಸಿದಾಗ ದೇಶದ ತಜ್ಞರಿಗೆ ಆದದ್ದು ಆಘಾತ. ಅಂದಿನ ನಕ್ಷೆಯ ಪ್ರಕಾರ ಅದು ಬಹುತೇಕ ಕಂಪನವಿಲ್ಲದ ಪ್ರದೇಶ. 1962ರಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಸಣ್ಣ ನಡುಕಗಳು ಆರಂಭವಾಗಿದ್ದವು. ಐದು ವರ್ಷಗಳ ನಂತರ 6.3ರ ಪ್ರಮಾಣದ ಕಂಪನ ಸುಮಾರು ಇನ್ನೂರು ಜನರನ್ನು ಬಲಿ ತೆಗೆದುಕೊಂಡಿತು. 103 ಮೀಟರ್ ಎತ್ತರದ ಅಣೆಕಟ್ಟು ಬಿರುಕುಬಿಟ್ಟರೂ ನಿಂತಿತು. ಮುಂಬಯಿಯ ವಿದ್ಯುತ್ತು ಹೋಯಿತು. ಜಲಾಶಯವೊಂದು ಭೂಕಂಪವನ್ನು ಕೆರಳಿಸಬಲ್ಲದೆಂಬುದಕ್ಕೆ ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಕೊಡುವ ಮೊದಲ ಉದಾಹರಣೆ ಇದೇ. ಆಮೇಲೆ ನಕ್ಷೆ ತಿದ್ದಲಾಯಿತು.

ಕಿಲ್ಲಾರಿಯದು ಇನ್ನೂ ಕ್ರೂರ. 1984ರ ನಕ್ಷೆಯಲ್ಲಿ ಲಾತೂರಿನ ಆ ಭಾಗ ಮೊದಲನೆಯ ವಲಯದಲ್ಲಿತ್ತು, ಅಂದರೆ ಅತ್ಯಂತ ನಿರಪಾಯವೆಂದು ಗುರುತಿಸಿದ ವಲಯದಲ್ಲಿ. 1992ರ ಶರತ್ಕಾಲದಲ್ಲಿ ಅಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಜನ ಹೆದರಿದರು, ಹೊರಗೆ ಮಲಗಿದರು, ಅಧಿಕಾರಿಗಳ ಬಳಿ ಹೋದರು. ನಡುಕ ನಿಂತಿತು, ಜನ ಮನೆಯೊಳಕ್ಕೆ ಮರಳಿದರು. 1993ರ ಸೆಪ್ಟೆಂಬರ್ 30, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ ರಾತ್ರಿಯ ಕೊನೆಯ ಜಾವ, ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ 6.2ರ ಕಂಪನ. ಸತ್ತವರ ಲೆಕ್ಕ ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಹೇಳುತ್ತಾರೆ. 2002ರಲ್ಲಿ ನಕ್ಷೆಯಿಂದ ಮೊದಲನೆಯ ವಲಯವನ್ನೇ ತೆಗೆದುಹಾಕಿ, ಆ ಪ್ರದೇಶವನ್ನು ಮೂರನೆಯ ವಲಯಕ್ಕೆ ಏರಿಸಿದರು. ನಮ್ಮಲ್ಲಿ ವಲಯದ ಬಣ್ಣ ಬದಲಾಗುವುದು ಹೆಣಗಳನ್ನು ಎಣಿಸಿದ ಮೇಲೆ. ಪುಣೆ ಇರುವುದೂ ಮೂರನೆಯ ವಲಯದಲ್ಲೇ. ಆದರೂ 'ನಮ್ಮದು ಮೂರನೆಯ ವಲಯ, ಸಾಧಾರಣ' ಎಂದು ಬಿಲ್ಡರನ ಕಚೇರಿಯಲ್ಲಿ ಕುಳಿತ ಎಂಜಿನಿಯರು ಹೇಳುವಾಗ, ಒಂದನೆಯ ವಲಯದಲ್ಲಿ ಸತ್ತವರು ಅವರ ನೆನಪಿಗೆ ಬರುವುದಿಲ್ಲ.

6.2 ಎಂಬುದು ಜಗತ್ತಿನ ಲೆಕ್ಕದಲ್ಲಿ ದೊಡ್ಡ ಭೂಕಂಪವೇ ಅಲ್ಲ. ಅಷ್ಟು ಪ್ರಮಾಣದ ಕಂಪನ ಜಪಾನಿನಲ್ಲಿ ಆದರೆ ಮರುದಿನ ಅಂಗಡಿಗಳು ತೆರೆದಿರುತ್ತವೆ. ಕಿಲ್ಲಾರಿಯಲ್ಲಿ ಕೊಂದದ್ದು ಗೋಡೆ. ಈ ಗೋಡೆ ನಮಗೆ ಅಪರಿಚಿತವಲ್ಲ. ಬೀದರ, ಕಲಬುರಗಿ, ವಿಜಯಪುರಗಳ ಹಳ್ಳಿಗಳಲ್ಲಿ ಹುಟ್ಟಿದವರೆಲ್ಲ ಅಂಥ ಗೋಡೆಗೆ ಒರಗಿ ಬೆಳೆದವರು. ಒಳಗೊಂದು, ಹೊರಗೊಂದು ಕಲ್ಲಿನ ಮುಖ. ನಡುವೆ ಚೂರುಗಲ್ಲು, ಮಣ್ಣು. ಎರಡು ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲ. ಮೇಲೆ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ಪ್ರತಿ ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ಇನ್ನೊಂದು ಪದರು. ತಾತ ಹಾಕಿದ್ದರ ಮೇಲೆ ತಂದೆ, ತಂದೆ ಹಾಕಿದ್ದರ ಮೇಲೆ ಮಗ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ನಾವು ಹೊಗಳುವ ಮನೆ ಇದೇ. ನಮ್ಮ ಸಾಹಿತ್ಯದಲ್ಲೂ ಅದರ ಬಗ್ಗೆ ಹಂಬಲ ಸಾಕಷ್ಟಿದೆ. ನೆಲ ಅಡ್ಡಡ್ಡಕ್ಕೆ ತೂಗಿದೊಡನೆ ಗೋಡೆಯ ಎರಡು ಮುಖಗಳು ಒಂದರಿಂದೊಂದು ಸಿಡಿದವು. ವಿಚಿತ್ರವೆಂದರೆ, ಕಂಬ-ತೊಲೆಗಳ ಅಂಕಣ ಗಟ್ಟಿಯಾಗಿದ್ದ ಕೆಲವು ಮನೆಗಳಲ್ಲಿ ಮಾಳಿಗೆ ನಿಂತೇ ಇತ್ತು, ಗೋಡೆ ಮಾತ್ರ ಒಳಗೆ ಮಲಗಿದವರ ಮೇಲೆ ಉರುಳಿತ್ತು.

ಅದಕ್ಕೆ ಪರಿಹಾರ ಗೊತ್ತಿತ್ತು, ಅಗ್ಗವೂ ಆಗಿತ್ತು: ಅಲ್ಲಲ್ಲಿ ಗೋಡೆಯ ಆರುಪಾರು ಹಾಯುವ ಉದ್ದಗಲ್ಲು, ಬಾಗಿಲ ತಲೆಯ ಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟಿನ ಪಟ್ಟಿ, ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಕಿಲ್ಲಾರಿಯ ನಂತರ ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿಯಲ್ಲಿ ಊರೂರುಗಳನ್ನೇ ಬೇರೆಡೆ ಕಟ್ಟಿದರು. ಹಳೆಯ ಮನೆಗಳನ್ನು ಬಲಪಡಿಸಲು ಹಣವನ್ನೂ ಕೊಟ್ಟರು. ಆದರೆ ಕಲ್ಲಿನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದ ಬಹಳ ಜನ ಆ ಹಣದಲ್ಲಿ ಪಕ್ಕದಲ್ಲೊಂದು ಹೊಸ ಕೋಣೆ ಕಟ್ಟಿ, ಹಳೆಯ ಗೋಡೆಯನ್ನು ಇದ್ದಂತೆಯೇ ಬಿಟ್ಟರು. ಅವರನ್ನು ದೂರಲಾರೆ. ಬಲಪಡಿಸುವುದೆಂದರೇನೆಂದು ಅವರ ಮಾತಿನಲ್ಲಿ ಕೂತು ಹೇಳಿದವರು ಎಷ್ಟು ಜನ?

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ಹೇಳುತ್ತಾನೆ: ಅದು ಮಣ್ಣಿನ ಕಾಲ, ಈಗೆಲ್ಲ ಕಾಂಕ್ರೀಟು. ಅವನನ್ನು 2001ರ ಜನವರಿ 26ರ ಅಹಮದಾಬಾದಿಗೆ ಕರೆದೊಯ್ಯಬೇಕು. ಭುಜ್ ಭೂಕಂಪದ ಕೇಂದ್ರದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆ ನಗರವೂ ಮೂರನೆಯ ವಲಯದ್ದೇ. ಅಲ್ಲಿ ಬಿದ್ದದ್ದು ಮಣ್ಣಿನ ಗುಡಿಸಲುಗಳಲ್ಲ. ಹೊಸ ಬಹುಮಹಡಿ ಕಟ್ಟಡಗಳು. ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದ ಬರಿಯ ಕಂಬಗಳು, ಮೇಲೆ ನಾಲ್ಕೈದು ಅಂತಸ್ತಿನ ಇಟ್ಟಿಗೆಯ ಭಾರ. ಸಾಧುಪ್ರಾಣಿಯ ಕಾಲಿಗೆ ಆನೆಯ ಮೈ. ನೆಲ ತೂಗಿದಾಗ ಇಡೀ ಬಾಗು ಆ ಕಂಬಗಳ ಮೇಲೆ ಬಂದು, ಅವು ಮಡಿದವು. 2002ರ ಸಂಹಿತೆ ಇಂಥ ತೆರೆದ ಅಂತಸ್ತಿನ ಕಂಬ-ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸಗೊಳಿಸಬೇಕೆಂದಿತು. ಪುಣೆಯಿಂದ ದೌಂಡದವರೆಗೆ ಹೆದ್ದಾರಿಯ ಇಕ್ಕೆಲದಲ್ಲಿ ಏಳುತ್ತಿರುವ ಕಟ್ಟಡಗಳನ್ನು ನೋಡುತ್ತ ಹೋಗಿ. ಕೆಳಗೆ ಪಾರ್ಕಿಂಗ್, ಮೇಲೆ ಮನೆ. ಯಾವ ಕಂಬ ಎರಡೂವರೆ ಪಟ್ಟಿನದು, ಯಾವುದು ಅಲ್ಲ ಎಂಬುದು ಗಿಲಾವಿನ ಹಿಂದೆ ಅಡಗಿಹೋಗಿದೆ. ಆ ಮನೆ ಕೊಳ್ಳುವ ನಾವು ಕೇಳುವುದೇನು? ಬಾಗಿಲು ಪೂರ್ವಕ್ಕಿದೆಯೇ, ಅಡಿಗೆಮನೆ ಆಗ್ನೇಯದಲ್ಲಿದೆಯೇ. ವಾಸ್ತುವಿಗೆ ತೋರುವ ಕಾಳಜಿಯ ನೂರರಲ್ಲೊಂದು ಪಾಲನ್ನು ಮಣ್ಣಿನ ಪರೀಕ್ಷೆಯ ವರದಿಗೆ, ಕಂಬದ ನಕ್ಷೆಗೆ ತೋರಿದ್ದರೆ ಬಿಲ್ಡರನಿಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತಿತ್ತು. ಭೀಮೆಯ ಬಯಲಿನ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಭೂಕಂಪ ಬೇಕಿಲ್ಲ, ಮಳೆಗಾಲವೊಂದೇ ಸಾಕು ಬುನಾದಿಯನ್ನು ಪರೀಕ್ಷಿಸಲು.

ಕಾಂಕ್ರೀಟಿನ ಗುಟ್ಟು ಇರುವುದು ಸಿಮೆಂಟಿನ ಜಾಹೀರಾತಿನಲ್ಲಲ್ಲ, ಕಂಬದೊಳಗಿನ ರಿಂಗಿನಲ್ಲಿ. ನಿಂತ ಕಂಬಿಗಳನ್ನು ಸುತ್ತುವರಿದು ಹಿಡಿಯುವ ಆ ಸಣ್ಣ ಕಂಬಿಯ ತುದಿಯನ್ನು 90 ಡಿಗ್ರಿಗೆ ಬಾಗಿಸಿ ಬಿಟ್ಟರೆ, ಕಂಪನದಲ್ಲಿ ಹೊರಪದರ ಉದುರಿದೊಡನೆ ರಿಂಗು ಬಿಚ್ಚಿಕೊಳ್ಳುತ್ತದೆ, ಕಂಬ ಪುಡಿಯಾಗುತ್ತದೆ. 135 ಡಿಗ್ರಿಗೆ ಒಳಮುಖವಾಗಿ ಬಾಗಿಸಿದರೆ ಹಿಡಿತ ತಪ್ಪುವುದಿಲ್ಲ. ತೊಲೆ-ಕಂಬ ಕೂಡುವಲ್ಲಿ ರಿಂಗುಗಳು ಒತ್ತೊತ್ತಾಗಿರಬೇಕು. ಇದನ್ನು ವಿಧಿಸುವ ಭಾರತೀಯ ಮಾನಕ 13920 ಹೊರಬಂದದ್ದು 1993ರಲ್ಲಿ, ಕಿಲ್ಲಾರಿಯ ವರ್ಷದಲ್ಲೇ. ಆದರೆ ಮಾನಕವನ್ನು ಕಟ್ಟಡಕ್ಕೆ ಇಳಿಸುವ ಕೈ ಯಾರದು? ಕಂಬಿ ಕಟ್ಟುವವನದು. ಪುಣೆಯ ಸುತ್ತ ಕಂಬಿ ಕಟ್ಟುವ, ಗಾರೆ ಹೊರುವ ಕೈಗಳಲ್ಲಿ ಎಷ್ಟೋ ಯಾದಗಿರಿ, ಕಲಬುರಗಿ, ವಿಜಯಪುರದವು. ಅವನಿಗೆ ಕೂಲಿ ಸಿಗುವುದು ಕಟ್ಟಿದ ಕಂಬಿಯ ತೂಕಕ್ಕೆ, ಬಾಗಿಸಿದ ಕೋನಕ್ಕಲ್ಲ. ನಕ್ಷೆ ಇಂಗ್ಲಿಷಿನಲ್ಲಿ, ಮುಕಾದಮನ ಬೈಗುಳ ಮರಾಠಿಯಲ್ಲಿ. ಅವನ ಕನ್ನಡದಲ್ಲಿ ಆ 135ರ ಅರ್ಥವನ್ನು ಹೇಳಿದವರಿಲ್ಲ. ಅರೆಕಟ್ಟಿದ ಅದೇ ಕಟ್ಟಡದ ನೆಲಮಹಡಿಯಲ್ಲಿ, ಅದೇ ಕಂಬಗಳ ನಡುವೆ ಸೀರೆ ಕಟ್ಟಿ ಮಕ್ಕಳನ್ನು ಮಲಗಿಸುವವರೂ ಅವರೇ. ನಕ್ಷೆ ಮತ್ತೊಮ್ಮೆ ಬಣ್ಣ ಬದಲಿಸುವ ರಾತ್ರಿ ಮೊದಲು ಸಾಯುವವರು ಅವರು.

ಭವಿಷ್ಯ ನುಡಿಯುವವರ ಬಗ್ಗೆ ಒಂದು ಮಾತು. ಎಲ್ಲೋ ನೆಲ ನಡುಗಿದ ಮರುದಿನ ಟೀವಿಯಲ್ಲಿ ಗ್ರಹಗತಿಯವರು ಕೂರುತ್ತಾರೆ. ಇಂಥ ದಿನ ಇಂಥ ಊರು ಎನ್ನುತ್ತಾರೆ. ಇಂಥ ದಿನ ಎಂದು ಹೇಳಬಲ್ಲ ವಿಜ್ಞಾನಿ ಜಗತ್ತಿನಲ್ಲಿ ಒಬ್ಬನೂ ಇಲ್ಲ. ಕರಾಡದಲ್ಲಿ ಕೇಂದ್ರ ಸರ್ಕಾರದ ಪ್ರಯೋಗಾಲಯವಿದೆ. ಕೊಯ್ನಾ ಪ್ರದೇಶದಲ್ಲಿ ಅದು ಮೂರು ಕಿಲೋಮೀಟರ್ ಆಳಕ್ಕೆ ಕೊರೆದು ಭೂಮಿಯ ನಾಡಿ ನೋಡುತ್ತಿದೆ. ಆ ಕೆಲಸ ದೊಡ್ಡದು, ಆದರೆ ಅದರಿಂದ ನಮ್ಮ ಕಂಬ ಬಲವಾಗುವುದಿಲ್ಲ. ದಿನ ತಿಳಿದರೂ ಗೋಡೆ ಬೀಳುವುದು ಬಿದ್ದೇ ಬೀಳುತ್ತದೆ.

ಬಡ ದೇಶಕ್ಕೆ ಇದೆಲ್ಲ ದುಬಾರಿ ಎಂಬ ವಾದವೂ ಉಂಟು. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0ರ ಕಂಪನಕ್ಕೆ ಸತ್ತವರು ಲಕ್ಷಕ್ಕೂ ಮೀರಿ. ಮರುತಿಂಗಳು ಚಿಲಿಯಲ್ಲಿ 8.8, ಅದಕ್ಕಿಂತ ಸುಮಾರು 500 ಪಟ್ಟು ಶಕ್ತಿಯದು. ಸತ್ತವರು 500ರ ಆಸುಪಾಸು. ಚಿಲಿ ಹೈಟಿಗಿಂತ ಸಿರಿವಂತ ದೇಶ, ನಿಜ. ಆದರೆ ಕಟ್ಟಡದ ರಚನಾದೋಷಕ್ಕೆ ಅದನ್ನು ಕಟ್ಟಿಸಿ ಮಾರಿದವನು ಹತ್ತು ವರ್ಷ ಹೊಣೆ ಎಂಬ ಕಾನೂನೂ ಅಲ್ಲಿತ್ತು. ಟರ್ಕಿಯೂ ಬಡ ದೇಶವಲ್ಲ, ಅಲ್ಲಿ ಸಂಹಿತೆಯೂ ಚೆನ್ನಾಗಿತ್ತು. ಆದರೆ 2018ರಲ್ಲಿ ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸಿದರು, 2023ರ ಫೆಬ್ರವರಿಯಲ್ಲಿ ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಕ್ರಮ ಎಂಬ ಪದ ನಮ್ಮ ಕಿವಿಗೆ ಎಷ್ಟು ಹಿತವಾಗಿದೆಯೆಂದರೆ, ಕರ್ನಾಟಕದಲ್ಲಿ ಅದಕ್ಕೆ ಅಕ್ರಮವನ್ನು ಜೋಡಿಸಿ ಒಂದು ಯೋಜನೆಯ ಹೆಸರನ್ನೇ ಮಾಡಿಕೊಂಡೆವು. ದಂಡ ಕಟ್ಟಿದ ರಸೀತಿಯನ್ನು ಕಂಬಕ್ಕೆ ಅಂಟಿಸಿದರೆ ಕಂಬ ಗಟ್ಟಿಯಾಗುವುದಿಲ್ಲ.

ದೌಂಡ ತಾಲ್ಲೂಕಿನಲ್ಲಿ ಮನೆಗಳಷ್ಟೇ ಇಲ್ಲ. ಕುರಕುಂಭದ ಕೈಗಾರಿಕಾ ವಸಾಹತಿನಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಮುಂಬಯಿಯಿಂದ ದಕ್ಷಿಣಕ್ಕೂ ಮನಮಾಡದ ಕಡೆಗೂ ಹೋಗುವ ಗಾಡಿಗಳು ಇಲ್ಲಿ ಕೂಡುತ್ತವೆ. ಸೇತುವೆಯೊಂದು ಕೆಟ್ಟರೆ ಪರಿಹಾರದ ಗಾಡಿಯೂ ನಿಲ್ಲುತ್ತದೆ. ಭೀಮೆಗೆ ನೀರು ತರುವ ಮೇಲಿನ ಕಣಿವೆಗಳಲ್ಲಿ ಅಣೆಕಟ್ಟುಗಳ ಸಾಲಿದೆ. 1961ರ ಜುಲೈ 12ರಂದು ಪಾನಶೇತ ಒಡೆದು ಪುಣೆ ಮುಳುಗಿದ್ದಕ್ಕೆ ಭೂಕಂಪ ಬೇಕಾಗಿರಲಿಲ್ಲ. ಪೂರ್ತಿಯಾಗದ ಕಟ್ಟೆಗೆ ನೀರು ತುಂಬಿದ ಅವಸರವೊಂದೇ ಸಾಕಾಯಿತು. ಇಂಥ ಕಡೆ ಎಷ್ಟು ಶಾಲೆಗಳ, ಎಷ್ಟು ಆಸ್ಪತ್ರೆಗಳ ಕಟ್ಟಡಗಳನ್ನು ಕಂಪನದ ದೃಷ್ಟಿಯಿಂದ ಪರೀಕ್ಷಿಸಲಾಗಿದೆ ಎಂಬ ಪಟ್ಟಿಯನ್ನು ಜನರ ಮುಂದಿಡಿ ಎಂದು ಕೇಳುವುದು ಅತಿಯಾಸೆಯೇ? 2005ರ ವಿಪತ್ತು ನಿರ್ವಹಣಾ ಕಾಯಿದೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕೆನ್ನುತ್ತದೆ. ಯೋಜನೆ ಎಂದರೆ ಕಪಾಟಿನಲ್ಲಿರುವ ಕಡತವಲ್ಲ. ಗಂಟೆ ಬಾರಿಸಿದಾಗ ಎಲ್ಲಿ ನಿಲ್ಲಬೇಕೆಂದು ಮೂರನೆಯ ತರಗತಿಯ ಮಗುವಿಗೆ ತಿಳಿದಿರುವುದು.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಮೇಲಿಂದ ಮೇಲೆ ನಡುಗಿತು. ಜನ ಬಯಲಲ್ಲಿ ಮಲಗಿದರು, ಕೆಲವರು ಊರು ಬಿಟ್ಟರು. ವಿಜ್ಞಾನಿಗಳು ಬಂದರು, ಮಂತ್ರಿಗಳು ಬಂದರು, ಶೆಡ್ಡಿನ ಮಾತಾಯಿತು. ನಡುಕ ಕಡಿಮೆಯಾಯಿತು. ಕಿಲ್ಲಾರಿಯ 1992 ಹೀಗೇ ಇತ್ತು. ಎಲ್ಲ ಸಣ್ಣ ನಡುಕವೂ ದೊಡ್ಡದಕ್ಕೆ ಮುನ್ಸೂಚನೆಯಲ್ಲ; ಹೆಚ್ಚಿನವು ತಾವಾಗಿ ಅಡಗುತ್ತವೆ. ಆದರೆ ಅಂಥ ತಿಂಗಳುಗಳಲ್ಲಿ ಜನರಿಗೆ ಗೋಡೆಯ ಮಾತು ಕೇಳುವ ಕಿವಿ ಇರುತ್ತದೆ. ಮೇಸ್ತ್ರಿಯೊಬ್ಬನನ್ನು ಕಳಿಸಿ ಒಂದು ಮನೆಗೆ ಅಡ್ಡಗಲ್ಲು ಹೂಡಿ ತೋರಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಅಂಥ ಮೇಸ್ತ್ರಿಯನ್ನು ಊರೂರಿಗೂ ಕಳಿಸಬೇಕಾದದ್ದು ಸರ್ಕಾರದ ಕೆಲಸ.

ನಮ್ಮ ಕನ್ನಡ ಸಂಘಗಳು ಮಾಡಬಹುದಾದದ್ದು ಇದಕ್ಕಿಂತ ಸುಲಭ. ನವೆಂಬರಿನಲ್ಲಿ ಸ್ಮರಣಸಂಚಿಕೆ ಅಚ್ಚಾಗುತ್ತದೆ. ಅದರಲ್ಲಿ ಬಿಲ್ಡರುಗಳ ಶುಭಾಶಯಗಳು ಪುಟಗಟ್ಟಲೆ ಇರುತ್ತವೆ. ಒಂದು ಪುಟವನ್ನು ಬಿಡಿಸಿ ಅಚ್ಚು ಹಾಕಿಸಿ, ರಿಂಗು ಬಾಗಿಸುವ ಚಿತ್ರವನ್ನು ದಪ್ಪ ಗೆರೆಯಲ್ಲಿ ಬರೆಸಿ, ಕೆಳಗೆ ನಾಲ್ಕು ಸಾಲು ಕಲಬುರಗಿಯ ಕನ್ನಡದಲ್ಲಿ. ಓದು ಬಾರದವರಿಗೆ ಭಾನುವಾರ ಸಂಜೆ ಕೂಲಿಗಳ ತಗಡಿನ ಶೆಡ್ಡಿನ ಮುಂದೆ ನಿಂತು ಓದಿ ಹೇಳಬೇಕು. ಅದೇ ಪುಟದ ಹಿಂಬದಿಯಲ್ಲಿ ಮನೆ ಕೊಳ್ಳುವವರಿಗೆ ಮೂರು ಪ್ರಶ್ನೆ: ಮಣ್ಣಿನ ವರದಿ ಎಲ್ಲಿ, ಪಾರ್ಕಿಂಗಿನ ಕಂಬಗಳನ್ನು ಯಾವ ಲೆಕ್ಕದಲ್ಲಿ ಮಾಡಿದ್ದೀರಿ, ಕಾಂಕ್ರೀಟು ಸುರಿಯುವ ಮುನ್ನ ಕಂಬಿಯನ್ನು ನೋಡಿ ಸಹಿ ಮಾಡಿದ ಎಂಜಿನಿಯರ ಹೆಸರೇನು. ಮೂರನೆಯ ಪ್ರಶ್ನೆಗೆ ಜಾಹೀರಾತುದಾರ ಸಿಟ್ಟಾಗಬಹುದು. ಮುಂದಿನ ವರ್ಷ ಶುಭಾಶಯ ಕಳಿಸದೆಯೂ ಇರಬಹುದು.