ಪುಣೆಗೆ ಕೇಳಿಸಿತು, ನಿಲ್ಲಿಸುವವರು ಯಾರು?

ರಾತ್ರಿ 2 ಗಂಟೆ 20 ನಿಮಿಷ. ಪುಣೆಯ ಪಿಂಪ್ರಿ-ಚಿಂಚವಾಡದ ನನ್ನ ಫ್ಲ್ಯಾಟಿನಲ್ಲಿ ಫೋನ್ ಸದ್ದು ಮಾಡಿತು. ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ, ಗೂಡಿನ ಬಿಸಿಗಾಳಿಯನ್ನು ಎಳೆಯುವ ದೊಡ್ಡ ಫ್ಯಾನಿನ ಬೇರಿಂಗ್ ನಡುಗುತ್ತಿದೆ ಎಂಬ ಎಚ್ಚರಿಕೆ. ನಾನು ಹುಟ್ಟಿದ ಚಿತ್ತಾಪುರ ತಾಲ್ಲೂಕಿನಿಂದ ಆ ಫ್ಯಾನು ಏನೂ ದೂರವಲ್ಲ. ಪುಣೆಯಿಂದ ನಾನೂರು ಕಿಲೊಮೀಟರ್ ಆಸುಪಾಸು. ಊರು ಬಿಟ್ಟು ಹದಿನಾರು ವರ್ಷವಾದ ಮೇಲೆ ಊರಿನ ಫ್ಯಾನು ನನ್ನನ್ನು ಎಬ್ಬಿಸುತ್ತಿದೆ. ಇದು ನಮ್ಮ ಕಾಲದ ಉದ್ಯೋಗ.

ಆ ಸಂಜೆಯಿಂದ ಬಂದಿದ್ದ ಎಚ್ಚರಿಕೆಗಳಲ್ಲಿ ಅದು 41ನೆಯದು. ಕಣ್ಣುಜ್ಜಿಕೊಂಡು ನೋಡಿದೆ. ಕಂಪನ ಸೆಕೆಂಡಿಗೆ 5.2 ಮಿಲಿಮೀಟರ್. ಗಟ್ಟಿ ಅಡಿಪಾಯದ ಮೇಲಿರುವ ದೊಡ್ಡ ಯಂತ್ರಕ್ಕೆ 4.5 ದಾಟಿದರೆ ಹೆಚ್ಚು ದಿನ ಓಡಿಸಬಾರದು, 7.1 ದಾಟಿದರೆ ಓಡಿಸಲೇಬಾರದು ಎಂಬುದು ಐಎಸ್‌ಒ ಮಾನದಂಡ. ಪರದೆಯ ಮೇಲೆ ‘ನೋಡಿದ್ದೇನೆ’ ಎಂಬ ಗುಂಡಿ ಒತ್ತಿ ಶಿಫ್ಟ್ ಇನ್‌ಚಾರ್ಜ್‌ಗೆ ಫೋನ್ ಮಾಡಿದೆ. “ರೆಕ್ಕೆಗೆ ಧೂಳು ಕೂತಿರಬೇಕು ಸರ್, ಬೆಳಗ್ಗೆ ನೋಡೋಣ” ಎಂದರು. ಅವರು ಹೇಳಿದ್ದು ಅಸಂಬದ್ಧವೇನಲ್ಲ. ಸಿಮೆಂಟಿನ ಫ್ಯಾನಿಗೆ ಧೂಳು ಕೂತು ತೂಕ ಏರುಪೇರಾಗಿ ನಡುಗುವುದು ಸಾಮಾನ್ಯ. ಫ್ಯಾನು ನಿಲ್ಲಿಸಿದರೆ ಗೂಡು ನಿಲ್ಲುತ್ತದೆ, ಗೂಡು ತಣ್ಣಗಾದರೆ ಒಳಗಿನ ಇಟ್ಟಿಗೆಗೆ ಪೆಟ್ಟು, ಮತ್ತೆ ಬಿಸಿಯೇರಿಸಲು ದಿನಗಟ್ಟಲೆ ಸಮಯ. ಆ ಲೆಕ್ಕ ನನಗೂ ಗೊತ್ತು. 3 ಗಂಟೆ 10ಕ್ಕೆ 6.4 ಆಯಿತು. ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮೇಲ್ ಕಳಿಸಿದೆ. ರಾತ್ರಿ ಮೂರು ಗಂಟೆಗೆ ಮೇಲ್ ಕಳಿಸುವುದು ಫ್ಯಾನನ್ನು ಉಳಿಸಲಿಕ್ಕಲ್ಲ, ನಮ್ಮನ್ನು ಉಳಿಸಿಕೊಳ್ಳಲಿಕ್ಕೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ತಿಳಿದ ಗುಟ್ಟು.

ನಾಲ್ಕು ಗಂಟೆ ಹೊತ್ತಿಗೆ ಬೇರೆ ನಂಬರಿನಿಂದ ಕರೆ. ಸೆನ್ಸರ್ ಕೂರಿಸುವಾಗ ನನ್ನ ಏಣಿ ಹಿಡಿದಿದ್ದ ಗುತ್ತಿಗೆ ಹುಡುಗ. “ಅಣ್ಣಾರ, ಇದರ ದನಿ ಬ್ಯಾರೆ ಆಗ್ಯಾದ್ರಿ. ಒಳಗ ಕಟ್ ಕಟ್ ಅನ್ಲಕತ್ತದ. ಬಂದ್ ಮಾಡ್ಲೇನ್ರಿ?”

ನನ್ನ ಪರದೆಯಲ್ಲಿ ಆಗ 7.1 ದಾಟಿತ್ತು. ನಾನು ಹೇಳಿದ್ದು: “ನೀ ದೂರ ನಿಂದ್ರು. ಸಾಹೇಬರಿಗಿ ಕೇಳು.”

ಅವನು ಕೇಳಲು ಕಂಟ್ರೋಲ್ ರೂಮಿಗೆ ಓಡಿದ. 4 ಗಂಟೆ 35ಕ್ಕೆ ಬೇರಿಂಗ್ ಜಾಮ್ ಆಗಿ ಶಾಫ್ಟ್ ಕೆಟ್ಟಿತು. ಸದ್ಯ, ಹತ್ತಿರ ಯಾರೂ ಇರಲಿಲ್ಲ. ಕಂಪನ ಮಿತಿ ಮೀರಿದರೆ ಫ್ಯಾನನ್ನು ತಾನಾಗಿಯೇ ನಿಲ್ಲಿಸಬೇಕಿದ್ದ ಟ್ರಿಪ್ ವ್ಯವಸ್ಥೆ ಬೇರೆಯೇ ಇತ್ತು. ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆಂದು ಅದನ್ನು ಯಾವಾಗಲೋ ಬೈಪಾಸ್ ಮಾಡಿದ್ದರು ಎಂಬುದು ಆಮೇಲೆ ತಿಳಿಯಿತು. ವಿಚಾರಣೆಯಲ್ಲಿ ನನ್ನ ಮೇಲ್ ಇತ್ತು, ‘ನೋಡಿದ್ದೇನೆ’ ಗುಂಡಿ ಒತ್ತಿದ ಸಮಯ ಸೆಕೆಂಡಿನ ಲೆಕ್ಕದಲ್ಲಿತ್ತು. ಹುಡುಗನ ಫೋನ್ ಕರೆ ಯಾವ ದಾಖಲೆಯಲ್ಲೂ ಇರಲಿಲ್ಲ. ದಾಖಲೆಯಲ್ಲಿದ್ದದ್ದು ಒಂದೇ: ಘಟನೆ ನಡೆದಾಗ ಡ್ಯೂಟಿ ಜಾಗದಲ್ಲಿ ಅವನು ಇರಲಿಲ್ಲ. ಗುತ್ತಿಗೆದಾರ ಅವನ ಗೇಟ್ ಪಾಸ್ ವಾಪಸ್ ತೆಗೆದುಕೊಂಡ. ನಡೆದದ್ದನ್ನು ನಾನು ಬರೆದುಕೊಟ್ಟೆ. “ಮುಂದಿನ ತಿಂಗಳು ನೋಡೋಣ” ಎಂದರು. ಮೂರು ತಿಂಗಳಾಯಿತು.

ಪುಣೆ, ಹೈದರಾಬಾದ್, ಚೆನ್ನೈಗಳ ಇಂಥ ದೂರನಿಗಾ ಕೇಂದ್ರಗಳಲ್ಲಿ ಕೂತಿರುವ ಕನ್ನಡಿಗರು ಈ ಅಂಕಣದ ಓದುಗರಲ್ಲಿ ಹಲವರಿದ್ದೀರಿ. ನಿಮಗೆ ಹೇಳಬೇಕಾದ್ದು ಇಷ್ಟೇ. ನಾವು ಯಂತ್ರಕ್ಕೆ ಬಾಯಿ ಕೊಟ್ಟಿದ್ದೇವೆ, ಅದರ ಪಕ್ಕದಲ್ಲಿ ನಿಂತವನ ಬಾಯಿ ಹಾಗೇ ಮುಚ್ಚಿದೆ.

ಸೆನ್ಸರ್ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಆ ಡಬ್ಬಿ ಮಾಡುವ ಕೆಲಸ ಮನುಷ್ಯನಿಂದ ಆಗದು. ಬೇರಿಂಗ್ ಕೆಡುವುದಕ್ಕೆ ಒಂದು ಕ್ರಮವಿದೆ. ಮೊದಲು ಕಿವಿಗೆ ಕೇಳದಷ್ಟು ಎತ್ತರದ ಸ್ವರದಲ್ಲಿ ಸಣ್ಣ ಬಿರುಕಿನ ಸದ್ದು, ಆಮೇಲೆ ಅಳೆಯಬಹುದಾದ ಕಂಪನ, ಆಮೇಲೆ ಬಿಸಿ, ಕಟ್ಟಕಡೆಗೆ ಕಿವಿಗೆ ಕೇಳುವ ಶಬ್ದ ಮತ್ತು ಹೊಗೆ. ಕಿವಿಗೆ ಕೇಳುವ ಹೊತ್ತಿಗೆ ಹೆಚ್ಚು ಸಮಯ ಉಳಿದಿರುವುದಿಲ್ಲ. ಸೆನ್ಸರ್ ಕೆಲವೊಮ್ಮೆ ವಾರಗಳ ಮೊದಲೇ ಹೇಳುತ್ತದೆ.

ನಮ್ಮ ಕಾಕಾ ಸಿಮೆಂಟ್ ಕಾರ್ಖಾನೆಯಲ್ಲಿ ಆಯಿಲ್‌ಮ್ಯಾನ್ ಆಗಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸುದ್ದಿ ಹೇಳುತ್ತಿದ್ದರು. ಹಳೆಯ ಎಂಜಿನಿಯರುಗಳು ಇಂಥ ಕಿವಿಗಳ ಗುಣಗಾನ ಮಾಡುತ್ತಾರೆ. ಆ ಕಿವಿಗೆ ಆಮೇಲೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ನಿವೃತ್ತಿಯ ಹೊತ್ತಿಗೆ ಕಾಕಾಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಟಿವಿಯನ್ನು ಓಣಿಗೆಲ್ಲ ಕೇಳುವ ಹಾಗೆ ಹಚ್ಚುತ್ತಿದ್ದರು. ಹಾಗಾಗಿ ಹಳೆಯದೇ ಚೆನ್ನಾಗಿತ್ತು ಎಂಬ ಹಾಡಿಗೆ ನಾನು ತಾಳ ಹಾಕಲಾರೆ.

ಆದರೆ ಸೆನ್ಸರ್ ತಾನು ಕೂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ನಮ್ಮ ಪಟ್ಟಿಯಲ್ಲಿ ಒಂದು ಪಂಪ್ ಮೂರು ವಾರ ಅತ್ಯಂತ ಆರೋಗ್ಯವಂತ ಯಂತ್ರ ಎಂದು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಹೋಗಿ ನೋಡಿದರೆ ಅಂಟು ಬಿಟ್ಟು ಸೆನ್ಸರ್ ನೆಲಕ್ಕೆ ಬಿದ್ದಿತ್ತು. ನಾವು ನೆಲದ ಕಂಪನ ನೋಡಿ ಸಂತೋಷಪಡುತ್ತಿದ್ದೆವು.

ಇದರಲ್ಲಿ ನಗಬಹುದು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ನಡೆದದ್ದರಲ್ಲಿ ನಗಲಾಗದು. ಲಾಕ್‌ಡೌನಿನಲ್ಲಿ ನಿಂತಿದ್ದ ಸ್ಟೈರೀನ್ ಟ್ಯಾಂಕ್ ಬಿಸಿಯೇರಿ ಆವಿ ಹೊರಬಂತು, 12 ಜನ ಸತ್ತರು. ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ಕಂಡುಕೊಂಡ ಸಂಗತಿಗಳಲ್ಲಿ ಒಂದು ಇದು: ಟ್ಯಾಂಕಿನ ತಾಪಮಾನ ಅಳೆಯುವ ಸಾಧನ ಇದ್ದದ್ದು ತಳಭಾಗದಲ್ಲಿ ಮಾತ್ರ. ತಳದಲ್ಲಿ ತಂಪು, ಮೇಲೆ ಕುದಿ. ಕಾಗದದ ಮೇಲೆ ನಿಗಾ ಇತ್ತು, ಅಂಕಿಯೂ ಬರುತ್ತಿತ್ತು. ಸುತ್ತಲಿನ ಜನರನ್ನು ಎಬ್ಬಿಸಬೇಕಿದ್ದ ಸೈರನ್ ಇದ್ದೂ ಅದನ್ನು ಯಾರೂ ಮೊಳಗಿಸಲಿಲ್ಲ ಎಂಬುದನ್ನೂ ಸಮಿತಿ ಎತ್ತಿ ತೋರಿಸಿತು. ನನಗೆ ಹೆಚ್ಚು ಕಾಡುವುದು ಈ ಎರಡನೆಯದು. ಸೈರನ್ನಿಗೂ ಅದರ ಗುಂಡಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುತ್ತಾನೆ. ‘ಒತ್ತಲೋ ಬೇಡವೋ, ಒತ್ತಿದರೆ ನನ್ನ ಗತಿ ಏನು’ ಎಂದು ಯೋಚಿಸುವ ಮನುಷ್ಯ.

ಈ ಯೋಚನೆಗೆ ಸಾಫ್ಟ್‌ವೇರ್‌ನಲ್ಲಿ ಉತ್ತರವಿಲ್ಲ. ಮಾರುವವರು ಬಂದು ಕೃತಕ ಬುದ್ಧಿಮತ್ತೆ ಸೇರಿಸಿದ್ದೇವೆ, ಇನ್ನೂ ಮೊದಲೇ ಹೇಳುತ್ತೇವೆ ಎನ್ನುತ್ತಾರೆ. ನಮಗೆ ಆ ರಾತ್ರಿ ಎರಡು ಗಂಟೆ ಕಾಲು ತಾಸು ಸಮಯವಿತ್ತು. ಇನ್ನೂ ಎರಡು ದಿನ ಮೊದಲು ತಿಳಿದಿದ್ದರೂ ಅದೇ “ಬೆಳಗ್ಗೆ ನೋಡೋಣ” ಆಗುತ್ತಿತ್ತು. ಜೊತೆಗೆ ಎಚ್ಚರಿಕೆಗಳ ಜಾತ್ರೆ ಬೇರೆ. ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಎಂದು ಬ್ರಿಟನ್ನಿನ ಇಇಎಂಯುಎ 191 ಮಾರ್ಗಸೂಚಿ ಹೇಳುತ್ತದೆ. ಅದೂ ಎಚ್ಚರವಾಗಿ ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ, ನನ್ನಂತೆ ಹಾಸಿಗೆಯಲ್ಲಿ ಮಲಗಿದವನಿಗಲ್ಲ. 40 ಹುಸಿ ಕೂಗು ಕೇಳಿದವನಿಗೆ 41ನೆಯದು ತೋಳ ಎಂದು ಹೇಗೆ ಗೊತ್ತಾಗಬೇಕು? ಮಿತಿಗಳನ್ನು ಸರಿಯಾಗಿ ಹೊಂದಿಸುವುದು ಬೇಸರದ ಕೆಲಸ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೊಸ ಸೆನ್ಸರಿಗೆ ಕೊಡುತ್ತಾರೆ.

ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಯಲ್ಲಿ ಜೀವಕ್ಕೆ ಕುತ್ತು ಬರಬಹುದೆಂದು ಅನಿಸಿದರೆ ಅದನ್ನು ಮೇಲಿನವರ ಗಮನಕ್ಕೆ ತರುವ ಹಕ್ಕನ್ನು ಅದು ಕಾರ್ಮಿಕನಿಗೆ ಕೊಟ್ಟಿತು. ಗಮನಕ್ಕೆ ತರುವ ಹಕ್ಕು ಅಷ್ಟೇ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಗಮನಕ್ಕೆ ತರಲು ಓಡಿದ್ದಕ್ಕೇ ಅವನ ಪಾಸ್ ಹೋಯಿತು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. 7.1 ದಾಟಿ, ಪಕ್ಕದಲ್ಲಿ ನಿಂತವನೂ ದನಿ ಬದಲಾಗಿದೆ ಎಂದರೆ ಅವನು ನಿಲ್ಲಿಸಲಿ. ಗುತ್ತಿಗೆಯವನಾದರೂ ಸರಿ, ನಿಲ್ಲಿಸಿದ್ದು ತಪ್ಪೆಂದು ಆಮೇಲೆ ಸಾಬೀತಾದರೂ ಸರಿ, ಅವನ ಪಾಸ್ ಮುಟ್ಟಬಾರದು. ಇದನ್ನು ಒಪ್ಪಂದದಲ್ಲಿ ಬರೆದಿಡಬೇಕು. ಸುಳ್ಳು ನಿಲುಗಡೆಗಳು ಹೆಚ್ಚಾಗುತ್ತವೆ ಎಂಬ ಆಕ್ಷೇಪವಿದೆ, ನಿಜವೂ ಇರಬಹುದು. ಆ ಖರ್ಚು ಒಪ್ಪಿಕೊಳ್ಳದವರು ಸೆನ್ಸರಿನ ಖರ್ಚನ್ನೂ ಉಳಿಸಿಕೊಳ್ಳಲಿ. ಇನ್ನು ಆ್ಯಪ್‌ನಲ್ಲಿ ‘ನಾನು ಕೇಳಿದ್ದು, ನಾನು ಕಂಡದ್ದು’ ಎಂದು ಕನ್ನಡದಲ್ಲಿ ಮಾತಾಡಿ ದಾಖಲಿಸುವ ಒಂದು ಗುಂಡಿ ಬೇಕು. ಬರೆಯಲು ಹೇಳಿದರೆ ರಾತ್ರಿ ಪಾಳಿಯಲ್ಲಿ ಯಾರೂ ಬರೆಯುವುದಿಲ್ಲ. ಫೋನಿನಲ್ಲಿ ಧ್ವನಿ ಸಂದೇಶ ಕಳಿಸುವುದು ಎಲ್ಲರಿಗೂ ಬರುತ್ತದೆ. ಆ ರಾತ್ರಿ ಅಂಥದ್ದೊಂದು ಇದ್ದಿದ್ದರೆ ಅವನ ಆ ಒಂದು ಮಾತು ನನ್ನ ಮೇಲ್‌ಗಿಂತ ಮೇಲೆ ಕೂರುತ್ತಿತ್ತು.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಅವನು “ಬಂದ್ ಮಾಡ್ಲೇನ್ರಿ” ಎಂದಾಗ “ಮಾಡು” ಎನ್ನಬಹುದಿತ್ತು. ಅಧಿಕಾರ ನನಗಿರಲಿಲ್ಲ, ಹೌದು. ಆದರೆ ಅಂಕಿ ನನ್ನ ಕಣ್ಣೆದುರು ಇತ್ತು.

ಒಪ್ಪಂದ ನವೀಕರಣದ ಕರಡಿನಲ್ಲಿ ನಿಲ್ಲಿಸುವ ಅಧಿಕಾರದ ಒಂದು ಸಾಲು ಸೇರಿಸಿ ಕಳಿಸಿದ್ದೆ. ಪಕ್ಕದಲ್ಲಿ ‘ಚರ್ಚಿಸಿ’ ಎಂದು ಬರೆದು ವಾಪಸ್ ಬಂದಿದೆ. ಚರ್ಚೆ ಮುಂದಿನ ಸೋಮವಾರ, ಕಾರ್ಖಾನೆಯಲ್ಲೇ. ಹುಡುಗನಿಗೂ ಫೋನ್ ಮಾಡಿ ಗೇಟಿನ ಹತ್ತಿರ ಬಾ ಎಂದಿದ್ದೇನೆ. ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ.