ಹಳೆ ಯೆಜ್ಡಿಗೆ ಹೊಸ ಬಣ್ಣ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಅಲ್ಲಿ ಹುಟ್ಟಿದ ಯೆಜ್ಡಿಗಳು ನಮ್ಮ ಬೀದಿಗಳಲ್ಲಿ ಇನ್ನೂ ಓಡಾಡುತ್ತಿವೆ. ನಿಮ್ಮದು ಮಾಸಿದ್ದರೆ ಇಡೀ ಗಾಡಿಗೆ ದುಡ್ಡು ಸುರಿಯಬೇಕಿಲ್ಲ. ಟ್ಯಾಂಕು, ಪಕ್ಕದ ಡಬ್ಬಿಗಳಿಗೆ ಬಣ್ಣ ಬಿದ್ದರೆ ಸಾಕು.

ಮೊದಲು ಸ್ಟಿಕ್ಕರ್ ಕೀಳಬೇಕು. ಅಂಟು ಮೆತ್ತಗಾಗಲು ಬಿಸಿ ಬೇಕು, ನಿಜ. ಆದರೆ ಬ್ಲೋ ಲ್ಯಾಂಪ್ ಹಿಡಿದು ಬರುವವರನ್ನು ಹತ್ತಿರ ಸೇರಿಸಬೇಡಿ. 'ಟ್ಯಾಂಕ್ ಖಾಲಿ ಇದೆಯಲ್ಲ ಸಾರ್' ಎನ್ನುತ್ತಾರೆ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ! ಸಿಡಿಯುವುದು ಗಾಳಿಯೊಡನೆ ಬೆರೆತ ಪೆಟ್ರೋಲಿನ ಆವಿ. ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಅದೇ. ಟ್ಯಾಂಕನ್ನು ಬಿಚ್ಚಿ ಬಯಲಿಗೆ ತನ್ನಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಐದಾರು ನಿಮಿಷ ಹೊದಿಸಿ, ಉಗುರಿನಿಂದ ಮೂಲೆ ಎಬ್ಬಿಸಿ ನಿಧಾನವಾಗಿ ಎಳೆಯಿರಿ. ಬ್ಲೇಡು ಬೇಡ, ತಗಡಿಗೆ ಗೀರು ಬೀಳುತ್ತದೆ.

ಉಳಿದ ಅಂಟಿಗೆ ಟರ್ಪೆಂಟೈನ್. ಆಮೇಲೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ; ಜಿಡ್ಡಿನ ಮೇಲೆ ಬಣ್ಣ ನಿಲ್ಲದು. 400ನೇ ನಂಬರಿನ ವಾಟರ್ ಪೇಪರ್ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ.

ಮಳೆಗಾಲದಲ್ಲಿ ಮಾತ್ರ ಕೈ ಹಾಕಬೇಡಿ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಹೊಳಪು ಬಿಳಿಚಿಕೊಳ್ಳುತ್ತದೆ. ಮಡಕೆಯ ನೀರು ತಂಪಾಗುವುದೂ ಹೀಗೆ ಆವಿಯಾಗುವುದರಿಂದಲೇ.

ಅಂದಹಾಗೆ, ಕಪ್ಪು ಗಾಡಿಯನ್ನು ಕೆಂಪು ಮಾಡುವುದಾದರೆ ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿಯಲ್ಲೂ ಬದಲಿಸಿಕೊಳ್ಳಿ.