ಪ್ರಯಾಣದ ಮಾತು: ದಿಲ್ಲಿಯ ಎರಡು ವಿಮಾನ ನಿಲ್ದಾಣಗಳು

ಮಗಳ ಬಾಣಂತನಕ್ಕಾಗಿ ಪರದೇಶಕ್ಕೆ ಹೊರಟ ತಾಯಿಯು ನಡುವಣ ರಾತ್ರಿಯನ್ನು ದಿಲ್ಲಿಯಲ್ಲಿ ಹೇಗೆ ಕಳೆಯತಕ್ಕದ್ದೆಂದು ಬೀದರದ ಗಾಂಧಿ ಗಂಜದಿಂದ ನಮ್ಮನ್ನು ಕೇಳಿರುವರು. ಮೊದಲು ಟಿಕೀಟನ್ನು ನೋಡಬೇಕು. ೨೦೨೦ರ ನವೆಂಬರಿನಲ್ಲಿ ಕಲಬುರಗಿಯಿಂದ ಆರಂಭವಾದ ‘ದಿಲ್ಲಿಯ ವಿಮಾನ’ವು ಇಳಿದುದು ದಿಲ್ಲಿಯಲ್ಲಲ್ಲ, ಗಾಜಿಯಾಬಾದಿನ ಹಿಂಡನ್‌ನಲ್ಲಿ. ಅದು ನಮ್ಮ ಬೀದರದಂತೆಯೇ ವಾಯುಸೇನೆಯ ನೆಲೆ. ಪರದೇಶದ ದೊಡ್ಡ ವಿಮಾನಗಳಾದರೋ ಪಾಲಂ ಕಡೆಯ ಇಂದಿರಾ ಗಾಂಧಿ ನಿಲ್ದಾಣದಿಂದ ಹೊರಡುವುವು. ಒಂದು ಯಮುನೆಯ ಆಚೆ, ಇನ್ನೊಂದು ಈಚೆ; ನಡುವೆ ಇಡೀ ನಗರ!

ಟಿಕೀಟುಗಳು ಬೇರೆಬೇರೆಯಾಗಿದ್ದರೆ ಮೊದಲ ವಿಮಾನದ ವಿಳಂಬಕ್ಕೆ ಎರಡನೆಯವರು ಹೊಣೆಯಲ್ಲ, ಹಣ ಮುಳುಗುವುದು. ಆದಕಾರಣ ಆ ರಾತ್ರಿಯನ್ನು ವ್ಯರ್ಥವೆಂದು ನಾವು ಎಣಿಸೆವು. ಹಿಂಡನ್‌ನಲ್ಲಿ ಇಳಿದವರು ಗಂಟುಮೂಟೆಗಳನ್ನು ಅಲ್ಲಿಯೇ ಬಿಡಿಸಿಕೊಳ್ಳಬೇಕು. ಅವು ತಾವಾಗಿ ಪಾಲಂ ಸೇರಲಾರವು. (ಉಪ್ಪಿನಕಾಯಿಯ ಭರಣಿಯ ವಿಷಯವನ್ನು ತಾಯಂದಿರಿಗೆ ನಾವು ಹೇಳಿ ಪ್ರಯೋಜನವಿಲ್ಲ.) ಅಂದೇ ನಗರವನ್ನು ದಾಟಿ ಪಾಲಂ ಸಮೀಪದ ವಸತಿಗೃಹದಲ್ಲಿ ಮಲಗುವುದು ಲೇಸು. ಮೆಟ್ರೋ ರೈಲು ಅಗ್ಗವಾದರೂ ಕಾಶ್ಮೀರಿ ಗೇಟಿನಲ್ಲಿಯೂ ಹೊಸದಿಲ್ಲಿಯಲ್ಲಿಯೂ ಇಳಿದು ಹತ್ತಬೇಕು; ನಡುರಾತ್ರಿ ಅದು ಓಡುವುದೂ ಇಲ್ಲ. ವಯಸ್ಸಾದವರು ಒಬ್ಬರೇ ಇದ್ದರೆ ಮುಂಗಡವಾಗಿ ಗೊತ್ತುಮಾಡಿದ ಟ್ಯಾಕ್ಸಿಯೇ ಸರಿ. ಗಾಲಿಕುರ್ಚಿಯ ನೆರವನ್ನು ಟಿಕೀಟು ಕೊಳ್ಳುವಾಗಲೇ ಬರೆಯಿಸಬಹುದು.

ಇದಾವುದೂ ಒಗ್ಗದಿದ್ದರೆ ಗಂಜಿನವರಿಗೆ ಹೈದರಾಬಾದು ದೂರವಲ್ಲ. ೨೦೦೮ರಲ್ಲಿ ತೆರೆದ ಶಂಶಾಬಾದ್ ನಿಲ್ದಾಣಕ್ಕೆ ರಸ್ತೆಯಲ್ಲಿ ಮೂರು ನಾಲ್ಕು ಗಂಟೆ; ಪರದೇಶದ ವಿಮಾನಗಳು ಅಲ್ಲಿಂದಲೂ ಉಂಟು.